ಹಳೆಯ ಮ್ಯಾಕ್ಸಿ ಸ್ಕೂಟರ್ ನಿಂತುಹೋದ ಮೇಲೆ ಹೊಸದನ್ನು ಆರಿಸುವುದು ಹೇಗೆ

ಸುಜುಕಿ ಬರ್ಗ್‌ಮನ್ 650, ಹೋಂಡಾ ಸಿಲ್ವರ್ ವಿಂಗ್ 600, ಬಿಎಂಡಬ್ಲ್ಯು ಸಿ 650 ಜಿಟಿ, ದೂರ ಪ್ರಯಾಣಕ್ಕೂ ಒದಗುವ ದೊಡ್ಡ ಎಂಜಿನ್ನಿನ ಈ ಮೂರು ಮ್ಯಾಕ್ಸಿ ಸ್ಕೂಟರ್‌ಗಳಲ್ಲಿ ಯಾವುದನ್ನಾದರೂ ವರ್ಷಗಟ್ಟಲೆ ಓಡಿಸಿ, ಈಗ ಅದಕ್ಕೆ ವಯಸ್ಸಾಯಿತೆಂದು ಹೊಸ ಗಾಡಿ ಹುಡುಕಲು ಹೊರಟವರು ಮೊದಲು ತಿಳಿಯಬೇಕಾದ ಸಂಗತಿಯೆಂದರೆ, ಆ ಜಾಗ ಈಗ ಖಾಲಿಯಾಗಿದೆ. ಆರು ನೂರು ಸಿಸಿ ಆಸುಪಾಸಿನ ಎರಡು ಸಿಲಿಂಡರ್ ಎಂಜಿನ್, ಸೋಫಾದಂತಹ ಅಗಲವಾದ ಸೀಟು, ಎರಡು ಹೆಲ್ಮೆಟ್ ಹಿಡಿಸುವ ಡಿಕ್ಕಿ, ಎದೆಗೆ ಗಾಳಿ ತಾಗಗೊಡದ ಎತ್ತರದ ಗಾಜು, ಇವೆಲ್ಲವೂ ಒಂದೇ ಗಾಡಿಯಲ್ಲಿ ಸಿಗುತ್ತಿದ್ದ ಕಾಲ ಮುಗಿದಿದೆ. ಇಂದಿನ ಮ್ಯಾಕ್ಸಿ ಸ್ಕೂಟರ್‌ಗಳು ಎರಡು ದಿಕ್ಕಿಗೆ ಸರಿದಿವೆ. ಒಂದು ಕಡೆ 300ರಿಂದ 400 ಸಿಸಿಯ ಒಂದೇ ಸಿಲಿಂಡರಿನ ಹಗುರ ಗಾಡಿಗಳಿದ್ದರೆ, ಇನ್ನೊಂದು ಕಡೆ 500ರಿಂದ 750 ಸಿಸಿಯ, ಸ್ವಭಾವದಲ್ಲಿ ಮೋಟಾರ್‌ಸೈಕಲ್ಲಿಗೆ ಹತ್ತಿರವಾದ ಗಾಡಿಗಳಿವೆ. ಆದ್ದರಿಂದ ನಿಮ್ಮ ಹಳೆಯ ಗಾಡಿಯ ಪ್ರತಿರೂಪಕ್ಕಾಗಿ ಹುಡುಕುವುದನ್ನು ಬಿಟ್ಟು, ಅದರ ಯಾವ ಗುಣವನ್ನು ನೀವು ದಿನವೂ ನಿಜವಾಗಿ ಬಳಸುತ್ತಿದ್ದಿರಿ ಎಂಬುದನ್ನು ಮೊದಲು ಗೊತ್ತುಮಾಡಿಕೊಂಡು, ಆ ಒಂದು ಗುಣವನ್ನು ಉಳಿಸಿಕೊಂಡಿರುವ ಗಾಡಿಯನ್ನು ಹುಡುಕುವುದೇ ಸರಿಯಾದ ದಾರಿ ಎಂಬುದು ನನ್ನ ಅಭಿಪ್ರಾಯ.

(ಬರ್ಗ್‌ಮನ್ ಎಂದಾಗ ಇಲ್ಲಿ ಹೇಳುತ್ತಿರುವುದು 650 ಮತ್ತು 400 ಸಿಸಿಯ ಗಾಡಿಗಳ ವಿಷಯ. ಬರ್ಗ್‌ಮನ್ ಸ್ಟ್ರೀಟ್ ಎಂಬ 125 ಸಿಸಿಯ ಸ್ಕೂಟರಿಗೂ ಇವಕ್ಕೂ ಹೆಸರು ಮತ್ತು ಒಂದಿಷ್ಟು ಹೊರನೋಟ ಬಿಟ್ಟರೆ ಬೇರೆ ಸಂಬಂಧವಿಲ್ಲ.)

ಹಳೆಯವು ಏಕೆ ಹೋದವು ಎಂಬುದನ್ನು ತಿಳಿದಿದ್ದರೆ, ಹೊಸದರಲ್ಲಿ ಯಾವುದು ಬಾಳುತ್ತದೆ ಎಂದು ಅಂದಾಜು ಮಾಡುವುದು ಸುಲಭವಾಗುತ್ತದೆ. ಈ ವರ್ಗದ ಗಾಡಿಗಳ ದೊಡ್ಡ ಮಾರುಕಟ್ಟೆ ಯುರೋಪ್. ಅಲ್ಲಿ ಯುರೋ 4 ಮಾಲಿನ್ಯ ನಿಯಮ 2016ರಲ್ಲಿ ಹೊಸ ಮಾದರಿಗಳಿಗೂ 2017ರಲ್ಲಿ ಮಾರಾಟವಾಗುವ ಎಲ್ಲ ಗಾಡಿಗಳಿಗೂ ಅನ್ವಯವಾಯಿತು. 125 ಸಿಸಿಗೆ ಮೇಲ್ಪಟ್ಟ ಗಾಡಿಗಳಿಗೆ ಎಬಿಎಸ್ (ಬ್ರೇಕ್ ಹಿಡಿದಾಗ ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ವ್ಯವಸ್ಥೆ) ಕಡ್ಡಾಯವಾದದ್ದೂ ಅದೇ ಹೊತ್ತಿನಲ್ಲಿ. ಅದರ ಬೆನ್ನಿಗೇ ಯುರೋ 5 ಬಂದು, 2021ರ ಜನವರಿಯಿಂದ ಎಲ್ಲ ಹೊಸ ಗಾಡಿಗಳೂ ಅದಕ್ಕೆ ಒಳಪಡಬೇಕಾಯಿತು. 2001ರಲ್ಲಿ ಬಂದ ಸಿಲ್ವರ್ ವಿಂಗ್ ಮೊದಲ ಹಂತದಲ್ಲೇ ಹಿಂದೆ ಸರಿಯಿತು. 2002ರಲ್ಲಿ ಹುಟ್ಟಿದ ಬರ್ಗ್‌ಮನ್ 650, 2012ರ ಬಿಎಂಡಬ್ಲ್ಯು ಸಿ 650 ಜಿಟಿ, ಯಮಹಾದ ಎಕ್ಸ್‌ಮ್ಯಾಕ್ಸ್ 400, ಇವು ಎರಡನೆಯ ಹಂತದಲ್ಲಿ ನಿಂತವು. ವರ್ಷಕ್ಕೆ ಸ್ವಲ್ಪವೇ ಮಾರಾಟವಾಗುವ ಗಾಡಿಯೊಂದಕ್ಕಾಗಿ ಎಂಜಿನ್ನಿನಿಂದ ಸೈಲೆನ್ಸರ್ ತನಕ ಮತ್ತೆ ವಿನ್ಯಾಸ ಮಾಡುವ ಖರ್ಚು ಯಾವ ಕಂಪನಿಗೂ ಗಿಟ್ಟಲಿಲ್ಲ.

ಉಳಿದುಕೊಂಡವುಗಳನ್ನು ನೋಡಿದರೆ ಒಂದು ನಮೂನೆ ಕಾಣುತ್ತದೆ. ಹೋಂಡಾ ಫೋರ್ಝಾ 750 ಮತ್ತು ಎಕ್ಸ್-ಎಡಿವಿ ಬಳಸುವ 745 ಸಿಸಿ ಎಂಜಿನ್ನೇ ಎನ್‌ಸಿ 750 ಎಕ್ಸ್ ಎಂಬ ಮೋಟಾರ್‌ಸೈಕಲ್ಲಿನಲ್ಲೂ ಇದೆ. ಅದೇ ಕಂಪನಿಯ 330 ಸಿಸಿ ಎಂಜಿನ್ ಫೋರ್ಝಾ 350, ಎಡಿವಿ 350, ಎಸ್‌ಎಚ್ 350 ಐ ಎಂಬ ಮೂರು ಗಾಡಿಗಳಿಗೆ ಹಂಚಿಕೆಯಾಗಿದೆ. ಯಮಹಾದ 292 ಸಿಸಿ ಎಂಜಿನ್ ಎಕ್ಸ್‌ಮ್ಯಾಕ್ಸ್ 300ರಲ್ಲೂ ಮೂರು ಚಕ್ರದ ಟ್ರೈಸಿಟಿ 300ರಲ್ಲೂ ಓಡುತ್ತದೆ. ಹತ್ತು ವರ್ಷ ಇಟ್ಟುಕೊಳ್ಳುವ ಉದ್ದೇಶದಿಂದ ಗಾಡಿ ಕೊಳ್ಳುವವರು ಈ ಅಂಶಕ್ಕೆ ತೂಕ ಕೊಡಬೇಕು. ಒಂದು ಮಾದರಿ ನಿಂತರೂ ಅದರ ಎಂಜಿನ್ ಬೇರೆ ಗಾಡಿಯಲ್ಲಿ ಮುಂದುವರಿಯುತ್ತಿದ್ದರೆ ಬಿಡಿಭಾಗಗಳ ಪೂರೈಕೆ ಬೇಗ ಬತ್ತುವುದಿಲ್ಲ. ಯಮಹಾ ಟಿಮ್ಯಾಕ್ಸ್ ಇದಕ್ಕೆ ಒಂದು ಅಪವಾದ. ಅದರ ಎಂಜಿನ್ ಅದಕ್ಕೇ ಮೀಸಲು. ಆದರೂ 2001ರಿಂದ ಅದು 499 ಸಿಸಿಯಾಗಿ, 2012ರಲ್ಲಿ 530 ಆಗಿ, 2020ರಲ್ಲಿ 560 ಆಗಿ ಬೆಳೆಯುತ್ತಲೇ ಬಂದಿದೆ.

ಎಂಜಿನ್ ಎಲ್ಲಿ ಕೂತಿದೆ, ಗೇರ್ ಯಾವ ಬಗೆಯದು

ಹೋಲಿಸುವವರು ಸಾಮಾನ್ಯವಾಗಿ ಸಿಸಿ ಮತ್ತು ಅಶ್ವಶಕ್ತಿಯಿಂದ ಶುರುಮಾಡುತ್ತಾರೆ. ಆದರೆ ಒಂದು ಮ್ಯಾಕ್ಸಿ ಸ್ಕೂಟರ್ ಇನ್ನೊಂದಕ್ಕಿಂತ ಓಡಿಸುವಾಗ ಬೇರೆ ಎನಿಸುವುದಕ್ಕೆ ಮುಖ್ಯ ಕಾರಣ ಬೇರೆಯೇ ಇದೆ. ಸಾಧಾರಣ ಸ್ಕೂಟರಿನಲ್ಲಿ ಎಂಜಿನ್, ಬೆಲ್ಟಿನ ಪೆಟ್ಟಿಗೆ ಮತ್ತು ಹಿಂದಿನ ಚಕ್ರ ಒಂದೇ ಘಟಕವಾಗಿದ್ದು, ಆ ಇಡೀ ಘಟಕ ಚೌಕಟ್ಟಿಗೆ ಕೀಲಿನ ಮೇಲೆ ತೂಗುಬಿದ್ದಿರುತ್ತದೆ. ರಸ್ತೆಯ ಪ್ರತಿ ಉಬ್ಬಿಗೂ ಚಕ್ರದೊಡನೆ ಎಂಜಿನ್ನಿನ ಭಾರವೂ ಮೇಲೆ ಕೆಳಗೆ ಆಡಬೇಕಾಗುವುದರಿಂದ ಹಿಂದಿನ ಶಾಕ್ ಅಬ್ಸಾರ್ಬರ್ ಎಷ್ಟೇ ಒಳ್ಳೆಯದಿದ್ದರೂ ಒಂದು ಹಂತದ ಮೇಲೆ ಸೊಂಟಕ್ಕೆ ಪೆಟ್ಟು ಬೀಳುತ್ತದೆ. ಟಿಮ್ಯಾಕ್ಸ್ ಬಂದ ಹೊಸತರಲ್ಲಿ ಸುದ್ದಿಯಾದದ್ದು ಈ ಕಾರಣಕ್ಕೇ. ಅದರಲ್ಲಿ ಎಂಜಿನ್ ಮೋಟಾರ್‌ಸೈಕಲ್ಲಿನಂತೆ ಚೌಕಟ್ಟಿಗೇ ಬಿಗಿದಿದ್ದು, ಹಿಂದಿನ ಚಕ್ರಕ್ಕೆ ಪ್ರತ್ಯೇಕ ಸ್ವಿಂಗ್‌ಆರ್ಮ್ (ಚಕ್ರವನ್ನು ಹಿಡಿದು ಮೇಲೆ ಕೆಳಗೆ ಆಡುವ ತೋಳು) ಇದೆ. ಫೋರ್ಝಾ 750, ಎಕ್ಸ್-ಎಡಿವಿ, ಕಿಮ್ಕೊ ಎಕೆ 550 ಇವುಗಳದೂ ಇದೇ ಕ್ರಮ. ಎಕ್ಸ್‌ಮ್ಯಾಕ್ಸ್ 300, ಫೋರ್ಝಾ 350 ಮೊದಲಾದವು ತೂಗುವ ಎಂಜಿನ್ನಿನ ಗುಂಪಿಗೆ ಸೇರುತ್ತವೆ. ನುಣುಪಾದ ರಸ್ತೆಯಲ್ಲಿ ಹತ್ತು ನಿಮಿಷ ಓಡಿಸಿ ನೋಡಿದರೆ ಈ ವ್ಯತ್ಯಾಸ ಅಷ್ಟಾಗಿ ಗೊತ್ತಾಗದು. ತೇಪೆ ಹಾಕಿದ ರಸ್ತೆಯ ತಿರುವಿನಲ್ಲಿ, ಹಿಂದೆ ಒಬ್ಬರನ್ನು ಕೂರಿಸಿಕೊಂಡು ಹೋದಾಗ ತಕ್ಷಣ ತಿಳಿಯುತ್ತದೆ. ಗಾಡಿ ಪರೀಕ್ಷಿಸಲು ಹೋಗುವವರು ಅಂತಹ ರಸ್ತೆಯನ್ನೇ ಕೇಳಿ ಹೋಗುವುದು ಒಳ್ಳೆಯದು.

ಎರಡನೆಯದು ಗೇರಿನ ವಿಷಯ. ಹೋಂಡಾದ 750ರ ಜೋಡಿಯನ್ನು ಬಿಟ್ಟರೆ ಪೆಟ್ರೋಲ್ ಮ್ಯಾಕ್ಸಿ ಸ್ಕೂಟರ್‌ಗಳೆಲ್ಲ ಸಿವಿಟಿಯನ್ನೇ, ಅಂದರೆ ಹಂತಗಳಿಲ್ಲದೆ ತಾನಾಗಿ ಬದಲಾಗುವ ಬೆಲ್ಟಿನ ಗೇರ್ ವ್ಯವಸ್ಥೆಯನ್ನೇ ಬಳಸುತ್ತವೆ. ಎಂಜಿನ್ ವೇಗ ಹೆಚ್ಚಿದಂತೆ ಮುಂದಿನ ಪುಲ್ಲಿಯೊಳಗಿನ ರೋಲರುಗಳು ಹೊರಕ್ಕೆ ಸರಿದು, ಪುಲ್ಲಿಯ ಎರಡು ಹೋಳುಗಳು ಹತ್ತಿರವಾಗಿ, ರಬ್ಬರ್ ಬೆಲ್ಟು ಮೇಲಕ್ಕೇರುತ್ತದೆ. ಗೇರ್ ಬದಲಾಗುವ ಎಳೆತವೇ ಇಲ್ಲದೆ ಗಾಡಿ ವೇಗ ಹಿಡಿಯುತ್ತದೆ. ಸಿವಿಟಿಯ ಸುಖ ಅದೇ, ಅದರ ಕೊರತೆಯೂ ಅದೇ. ವೇಗ ತೀರಾ ತಗ್ಗಿದಾಗ ಕ್ಲಚ್ ಬಿಟ್ಟುಕೊಳ್ಳುವುದರಿಂದ, ಕಡಿದಾದ ಇಳಿಜಾರಿನಲ್ಲಿ ನಿಧಾನಕ್ಕೆ ಇಳಿಯುವಾಗ ಎಂಜಿನ್ನಿನ ಹಿಡಿತ ಸಿಗದೆ ಪೂರ್ತಿ ಬ್ರೇಕನ್ನೇ ನಂಬಬೇಕಾಗುತ್ತದೆ. ಬರ್ಗ್‌ಮನ್ 650ರ ಸಿವಿಟಿಯನ್ನು ವಿದ್ಯುತ್ ಮೋಟಾರು ನಿಯಂತ್ರಿಸುತ್ತಿತ್ತು. ಗುಂಡಿ ಒತ್ತಿ ಗೇರ್ ಇಳಿಸಿದಂತೆ ಮಾಡುವ ಸೌಕರ್ಯವೂ ಇತ್ತು. ಆ ಗುಂಡಿಯನ್ನು ಘಾಟಿಯ ತಿರುವುಗಳಲ್ಲಿ ನಿಜವಾಗಿಯೂ ಬಳಸುತ್ತಿದ್ದವರಿಗೆ ಇಂದು ಹತ್ತಿರದ ಉತ್ತರ ಹೋಂಡಾದ ಡಿಸಿಟಿ, ಅಂದರೆ ಎರಡು ಕ್ಲಚ್ಚಿನ ಗೇರ್ ಪೆಟ್ಟಿಗೆ ಮಾತ್ರ. ಅದರಲ್ಲಿ ಆರು ನಿಜವಾದ ಗೇರುಗಳಿದ್ದು, 1, 3, 5ಕ್ಕೆ ಒಂದು ಕ್ಲಚ್, 2, 4, 6ಕ್ಕೆ ಇನ್ನೊಂದು ಕ್ಲಚ್ ಕೆಲಸ ಮಾಡುತ್ತವೆ; ಒಂದು ಗೇರಿನಲ್ಲಿ ಓಡುತ್ತಿರುವಾಗಲೇ ಮುಂದಿನದು ಸಿದ್ಧವಾಗಿರುತ್ತದೆ. ತಾನಾಗಿ ಬದಲಾಗುವಂತೆ ಬಿಡಬಹುದು, ಎಡಗೈಯ ಗುಂಡಿಗಳಿಂದ ತಾವೇ ಬದಲಿಸಲೂಬಹುದು. ಆದರೆ ಇಡೀ ಜೀವಮಾನ ಸಿವಿಟಿ ಓಡಿಸಿದವರಿಗೆ, ನಡಿಗೆಯ ವೇಗದಲ್ಲಿ ಪೂರ್ತಿ ತಿರುಗಿಸುವಾಗ ಡಿಸಿಟಿಯ ಸಣ್ಣ ಎಳೆತ ಮೊದಮೊದಲು ಅಳುಕು ಹುಟ್ಟಿಸುತ್ತದೆ. ಹಿಂದಿನ ಬ್ರೇಕನ್ನು ಲಘುವಾಗಿ ಒತ್ತಿಕೊಂಡೇ ಆಕ್ಸಿಲರೇಟರ್ ಕೊಡುವುದನ್ನು ರೂಢಿಸಿಕೊಂಡರೆ ಅದು ಹತೋಟಿಗೆ ಬರುತ್ತದೆ.

ದೊಡ್ಡ ಗಾಡಿಗೆ ಚಿಕ್ಕ ಡಿಕ್ಕಿ

ಹಳೆಯ ಗಾಡಿಯಲ್ಲಿ ಎಲ್ಲಕ್ಕಿಂತ ಹೆಚ್ಚು ಬಳಕೆಯಾಗುತ್ತಿದ್ದದ್ದು ಸೀಟಿನ ಕೆಳಗಿನ ಡಿಕ್ಕಿ ಎಂದಾದರೆ, ಇಂದಿನ ಮಾರುಕಟ್ಟೆ ತಲೆಕೆಳಗಾಗಿ ಕಾಣುತ್ತದೆ. ಬರ್ಗ್‌ಮನ್ 650ರ ಡಿಕ್ಕಿಯಲ್ಲಿ 50 ಲೀಟರಿನಷ್ಟು ಜಾಗವಿತ್ತು. ಅದಕ್ಕಿಂತ ದೊಡ್ಡ ಎಂಜಿನ್ನಿನ ಫೋರ್ಝಾ 750ರಲ್ಲಿ ಸಿಗುವುದು ಹೆಚ್ಚುಕಡಿಮೆ 22 ಲೀಟರ್. ಒಂದು ಪೂರ್ಣ ಹೆಲ್ಮೆಟ್ ಇಟ್ಟರೆ ಮುಗಿಯಿತು. ಮೋಟಾರ್‌ಸೈಕಲ್ಲಿನ ಎಂಜಿನ್, ಡಿಸಿಟಿ ಪೆಟ್ಟಿಗೆ, 15 ಇಂಚಿನ ಹಿಂದಿನ ಚಕ್ರ ಇಷ್ಟನ್ನೂ ಅದೇ ಉದ್ದದಲ್ಲಿ ಹೊಂದಿಸಿದ ಮೇಲೆ ಉಳಿದ ಜಾಗ ಅಷ್ಟೇ. ಟಿಮ್ಯಾಕ್ಸ್‌ನದೂ ಬಹುಪಾಲು ಇದೇ ಕಥೆ. ಇತ್ತ ಎಕ್ಸ್‌ಮ್ಯಾಕ್ಸ್ 300 ಮತ್ತು ಫೋರ್ಝಾ 350 ಗಾತ್ರದಲ್ಲೂ ತೂಕದಲ್ಲೂ ಕಡಿಮೆಯಿದ್ದರೂ ಎರಡು ಪೂರ್ಣ ಹೆಲ್ಮೆಟ್‌ಗಳನ್ನು ಅಕ್ಕಪಕ್ಕ ನುಂಗುತ್ತವೆ. ಬರ್ಗ್‌ಮನ್ 400ರ ಡಿಕ್ಕಿ 42 ಲೀಟರಿನದು. ಬಿಎಂಡಬ್ಲ್ಯು ಸಿ 400 ಜಿಟಿಯಲ್ಲಿ ಡಿಕ್ಕಿಯ ತಳ ಕೆಳಕ್ಕೆ ಬಿಚ್ಚಿಕೊಂಡು ದೊಡ್ಡದಾಗುವ ಉಪಾಯವಿದೆ. ಅದು ಗಾಡಿ ನಿಂತಾಗ ಮಾತ್ರ ಉಪಯೋಗಕ್ಕೆ ಬರುತ್ತದೆ. ತಳ ಬಿಚ್ಚಿದ್ದರೆ ಎಂಜಿನ್ ಚಾಲೂ ಆಗುವುದೇ ಇಲ್ಲ. ಹೆಲ್ಮೆಟ್ ಬಿಟ್ಟು ಪೇಟೆಯೊಳಗೆ ನಡೆದುಹೋಗುವವರಿಗೆ ಇದು ಸಾಕು, ತರಕಾರಿ ತುಂಬಿಕೊಂಡು ಮನೆಗೆ ಬರುವವರಿಗೆ ಪ್ರಯೋಜನವಿಲ್ಲ. ಅಂಗಡಿಗೆ ಹೋಗುವಾಗ ನಿಮ್ಮದೇ ಹೆಲ್ಮೆಟ್ ಒಯ್ದು, ಸೀಟು ಎತ್ತಿ ಒಳಗಿಟ್ಟು, ಸೀಟು ಒತ್ತದೆ ಮುಚ್ಚಿಕೊಳ್ಳುತ್ತದೆಯೇ ಎಂದು ನೋಡಿ. ಗದ್ದ ಎತ್ತಿ ತೆರೆಯುವ ಬಗೆಯ ಹೆಲ್ಮೆಟ್‌ಗಳು ಕಂಪನಿಯ ವಿವರಪತ್ರದಲ್ಲಿ ಬರೆದ ಲೀಟರ್ ಲೆಕ್ಕವನ್ನು ಎಷ್ಟೋ ಬಾರಿ ಸುಳ್ಳು ಮಾಡುತ್ತವೆ.

ಮೈಗೆ ಹೊಂದುವುದು

ಸೀಟಿನ ಎತ್ತರವನ್ನು ಅಂಕಿಯಲ್ಲಿ ಮಾತ್ರ ನೋಡಿ ನಿರ್ಧರಿಸಬಾರದು. ಬರ್ಗ್‌ಮನ್ 400ರದು 755 ಮಿ.ಮೀ., ಫೋರ್ಝಾ 350ರದು 780, ಫೋರ್ಝಾ 750ರದು 790, ಎಕ್ಸ್‌ಮ್ಯಾಕ್ಸ್‌ನದು 795, ಟಿಮ್ಯಾಕ್ಸ್‌ನದು 800, ಎಕ್ಸ್-ಎಡಿವಿಯದು 820. ಸ್ಕೂಟರಿನ ಸೀಟು ಮೋಟಾರ್‌ಸೈಕಲ್ಲಿನದಕ್ಕಿಂತ ಅಗಲವಾಗಿರುವುದರಿಂದ ತೊಡೆಗಳು ಹರಡಿಕೊಂಡು, ಅದೇ 800 ಮಿ.ಮೀ. ಇಲ್ಲಿ ಇನ್ನಷ್ಟು ಎತ್ತರವೆನಿಸುತ್ತದೆ. ಜೊತೆಗೆ ಕಾಲುಗಳ ನಡುವೆ ಎದ್ದಿರುವ ದಿಣ್ಣೆಯನ್ನೂ ಗಮನಿಸಬೇಕು. ಈ ವರ್ಗದ ಹೆಚ್ಚಿನ ಗಾಡಿಗಳಲ್ಲಿ ಚಿಕ್ಕ ಸ್ಕೂಟರಿನ ಸಪಾಟಾದ ಪಾದದ ಜಾಗ ಇರುವುದಿಲ್ಲ. ದೊಡ್ಡ ಎರಡು ಸಿಲಿಂಡರಿನ ಗಾಡಿಗಳಲ್ಲಂತೂ ದಿಣ್ಣೆ ಎಷ್ಟು ಎತ್ತರವೆಂದರೆ ಮೊಣಕಾಲು ಸರಾಗವಾಗಿ ಮಡಚದವರು ಮೋಟಾರ್‌ಸೈಕಲ್ ಹತ್ತುವಂತೆಯೇ ಕಾಲನ್ನು ಹಿಂದಿನಿಂದ ದಾಟಿಸಬೇಕಾಗುತ್ತದೆ. ಮಂಡಿ ನೋವಿನ ಕಾರಣಕ್ಕೆ ಸ್ಕೂಟರ್ ಹಿಡಿದವರು ಇದೊಂದನ್ನು ನೋಡದೆ ಮುಂಗಡ ಕೊಡಬಾರದು.

ತೂಕದ ವಿಷಯದಲ್ಲಿ ಹೊಸ ಗಾಡಿಗಳು ನಿಸ್ಸಂಶಯವಾಗಿ ಮೇಲು. ಬರ್ಗ್‌ಮನ್ 650 ಪೆಟ್ರೋಲ್ ಸಹಿತ 275 ಕಿ.ಗ್ರಾಂ. ದಾಟುತ್ತಿತ್ತು. ಫೋರ್ಝಾ 750 ತೂಗುವುದು 235, ಟಿಮ್ಯಾಕ್ಸ್ 220ರ ಆಸುಪಾಸು, ಬರ್ಗ್‌ಮನ್ 400 218, ಸಿ 400 ಜಿಟಿ 214, ಎಕ್ಸ್‌ಮ್ಯಾಕ್ಸ್ ಮತ್ತು ಫೋರ್ಝಾ 350 ಎರಡೂ 185ರ ಆಸುಪಾಸು. ಓಡುವಾಗ ಭಾರ ಅಷ್ಟಾಗಿ ಕಾಡದು. ಇಳಿಜಾರಿನಲ್ಲಿ ಮೂತಿ ಕೆಳಮುಖವಾಗಿ ನಿಲ್ಲಿಸಿದ ಗಾಡಿಯನ್ನು ಹಿಂದಕ್ಕೆ ಎಳೆಯುವಾಗ, ಸೆಂಟರ್ ಸ್ಟ್ಯಾಂಡಿಗೆ ಏರಿಸುವಾಗ ಕಾಡುತ್ತದೆ. ಅರವತ್ತು ದಾಟಿದವರು ಹಳೆಯದನ್ನು ಬಿಡಲು ಇದೊಂದೇ ಸಾಕಾದ ಕಾರಣ ಎಂದು ನಾನು ಹೇಳುತ್ತೇನೆ.

ಹಾಗಾದರೆ ಯಾರಿಗೆ ಯಾವುದು

ಹೆಚ್ಚಿನವರಿಗೆ 300-350ರ ಗುಂಪೇ ಸಾಕು ಎಂದರೆ ಹಳೆಯ 650ರ ಸವಾರರಿಗೆ ಬೇಸರವಾಗಬಹುದು. ಆದರೆ 28-29 ಅಶ್ವಶಕ್ತಿಯ ಈ ಗಾಡಿಗಳು ಹೆದ್ದಾರಿಯಲ್ಲಿ ಗಂಟೆಗೆ 110 ಕಿ.ಮೀ. ವೇಗವನ್ನು ತಕರಾರಿಲ್ಲದೆ ಹಿಡಿದಿಡುತ್ತವೆ. ಅವುಗಳ ಮಿತಿ ಗೊತ್ತಾಗುವುದು ಅದೇ ವೇಗದಲ್ಲಿ ಲಾರಿಯೊಂದನ್ನು ಹಿಂದಿಕ್ಕಬೇಕಾದಾಗ, ಅದೂ ಹಿಂಬದಿ ಸವಾರ ಮತ್ತು ಸಾಮಾನು ಇದ್ದಾಗ. ಎಕ್ಸ್‌ಮ್ಯಾಕ್ಸ್‌ಗೂ ಫೋರ್ಝಾ 350ಕ್ಕೂ ನಡುವೆ ಆರಿಸುವಾಗ ನಾನು ತಿರುವಿನ ರಸ್ತೆಯವರಿಗೆ ಎಕ್ಸ್‌ಮ್ಯಾಕ್ಸ್ ಹೇಳುತ್ತೇನೆ; ಅದರ ಮುಂದಿನ ಫೋರ್ಕು ಮೋಟಾರ್‌ಸೈಕಲ್ಲಿನಂತೆ ಹ್ಯಾಂಡಲ್ ತನಕ ಏರಿ ಮೇಲೆ ಕೆಳಗೆ ಎರಡು ಕಡೆ ಬಿಗಿದಿರುವುದರಿಂದ ಬ್ರೇಕ್ ಹಿಡಿದು ಬಾಗುವಾಗ ಗಟ್ಟಿಯಾಗಿ ನಿಲ್ಲುತ್ತದೆ. ನೇರ ರಸ್ತೆಯ ದೂರ ಪ್ರಯಾಣಕ್ಕೆ ಫೋರ್ಝಾ ಮೇಲು, ಗುಂಡಿ ಒತ್ತಿದರೆ ಏರಿಳಿಯುವ ಅದರ ಗಾಜಿನ ಬೆಲೆ ಮಳೆಯಲ್ಲೂ ಚಳಿಯಲ್ಲೂ ತಿಳಿಯುತ್ತದೆ.

ಮೆತ್ತಗಿನ ಸೀಟು, ತಗ್ಗಿನ ಎತ್ತರ, ನಿಧಾನದ ಗಾಂಭೀರ್ಯ ಇವೇ ಬೇಕೆನ್ನುವವರಿಗೆ ಹಳೆಯ 650ರ ರಕ್ತಸಂಬಂಧಿಯಾಗಿ ಉಳಿದಿರುವುದು ಬರ್ಗ್‌ಮನ್ 400 ಒಂದೇ. ಯುರೋ 5ಕ್ಕೆ ಹೊಂದಿಸುವಾಗ ಅದರ ಶಕ್ತಿ 29 ಅಶ್ವಶಕ್ತಿಗೆ ಇಳಿದಿದೆ. ಅಂದರೆ ತನಗಿಂತ 30 ಕಿ.ಗ್ರಾಂ.ಗೂ ಹೆಚ್ಚು ಹಗುರವಾದ ಫೋರ್ಝಾ 350ರಷ್ಟೇ ಬಲ. ವೇಗಕ್ಕಾಗಿ ಅದನ್ನು ಕೊಳ್ಳುವುದರಲ್ಲಿ ಅರ್ಥವಿಲ್ಲ, ಹಿಂದೆ ಕೂರುವವರ ಸುಖಕ್ಕಾಗಿ ಕೊಳ್ಳಬಹುದು. 34 ಅಶ್ವಶಕ್ತಿಯ ಸಿ 400 ಜಿಟಿ ಈ ಒಂದು ಸಿಲಿಂಡರಿನವುಗಳಲ್ಲಿ ಚುರುಕಾದದ್ದು. ಅಧಿಕೃತ ಸರ್ವೀಸ್ ಕೇಂದ್ರ ಹತ್ತಿರವಿದ್ದರೆ ಮಾತ್ರ ಅದನ್ನು ಪರಿಗಣಿಸಿ.

ದೊಡ್ಡವುಗಳಲ್ಲಿ ಟಿಮ್ಯಾಕ್ಸ್ 47 ಅಶ್ವಶಕ್ತಿಯದು. ಅದರ ಸಮತೋಲ ಮತ್ತು ನುಣುಪಿಗೆ ಸಾಟಿ ಕಡಿಮೆ. ಎಂಜಿನ್ನಿನ ನಡುಕವನ್ನು ಅಡಗಿಸಲು ಎರಡು ಪಿಸ್ಟನ್‌ಗಳ ಎದುರಿಗೆ ಕೆಲಸ ಮಾಡುವ ಮೂರನೆಯ ಪಿಸ್ಟನ್ ಒಂದನ್ನು ಕೇವಲ ಪ್ರತಿತೂಕಕ್ಕಾಗಿ ಇಟ್ಟಿದ್ದಾರೆ. ಬೆಲೆಯೂ ಆ ಮಟ್ಟದ್ದೇ, ಕಳ್ಳರ ಕಣ್ಣೂ ಅದರ ಮೇಲೆಯೇ. ಅದೇ ವಿನ್ಯಾಸದ ಹಾದಿಯಲ್ಲಿ ಹೆಚ್ಚು ಸೌಕರ್ಯ ಕಡಿಮೆ ಹಣಕ್ಕೆ ಬೇಕೆಂದರೆ ಎಕೆ 550, ಎಸ್‌ವೈಎಂ ಕಂಪನಿಯ ಟಿಎಲ್ 508 ನೋಡಬಹುದು. ಆದರೆ 650ರ ಸವಾರನೊಬ್ಬ ದೂರದೂರಿಗೆ ಹೋಗುವುದಕ್ಕೇ ಗಾಡಿ ಇಟ್ಟಿದ್ದವನಾದರೆ, ಫೋರ್ಝಾ 750ಕ್ಕಿಂತ ಹೆಚ್ಚು ಹೊಂದುವ ಗಾಡಿ ನನಗೆ ಕಾಣುವುದಿಲ್ಲ. 58 ಅಶ್ವಶಕ್ತಿ ಇದ್ದೂ 100 ಕಿ.ಮೀ.ಗೆ 3.6 ಲೀಟರ್ ಎಂದು ಕಂಪನಿ ಹೇಳುತ್ತದೆ, 13.2 ಲೀಟರಿನ ಟ್ಯಾಂಕಿನಲ್ಲಿ ಸುಮಾರು 360 ಕಿ.ಮೀ. ಆಯಿತು. ಡಿಕ್ಕಿಯ ಕೊರತೆಯನ್ನು ಹಿಂದೆ ಪೆಟ್ಟಿಗೆ ಕೂರಿಸಿ ನೀಗಿಸಿಕೊಳ್ಳಬೇಕು, ಚೈನಿಗೆ ಎಣ್ಣೆ ಹಾಕುವ ಕೆಲಸವನ್ನು ಒಪ್ಪಿಕೊಳ್ಳಬೇಕು. ಎಕ್ಸ್-ಎಡಿವಿ ಅದೇ ಎಂಜಿನ್ನಿನ ಮೇಲೆ ಎತ್ತರದ ದೇಹ ಹೊತ್ತದ್ದು. ಕೆಟ್ಟ ರಸ್ತೆಯೇ ಹೆಚ್ಚಿದ್ದು ಉದ್ದ ಕಾಲಿನವರಾಗಿದ್ದರೆ ಅದು. ಯುರೋಪಿನಲ್ಲಿ ಮಧ್ಯಮ ಶಕ್ತಿಯ ಗಾಡಿಗಳಿಗಷ್ಟೇ ಸಲ್ಲುವ ಎ2 ಚಾಲನಾ ಪರವಾನಗಿಯವರಿಗೆ 35 ಕಿಲೋವಾಟ್ (ಸುಮಾರು 47 ಅಶ್ವಶಕ್ತಿ) ಮಿತಿ ಇರುವುದರಿಂದ ಟಿಮ್ಯಾಕ್ಸ್ ಇದ್ದಂತೆಯೇ ಸಲ್ಲುತ್ತದೆ, ಹೋಂಡಾ ಜೋಡಿಗೆ ಶಕ್ತಿ ತಗ್ಗಿಸಿದ ಆವೃತ್ತಿ ಬೇಕಾಗುತ್ತದೆ.

ಮುಂದೆ ಎರಡು ಹಿಂದೆ ಒಂದು, ಹೀಗೆ ಮೂರು ಚಕ್ರದ ಪಿಯಾಜಿಯೊ ಎಂಪಿ3 ಮತ್ತು ಟ್ರೈಸಿಟಿ 300, ಒದ್ದೆ ರಸ್ತೆಯಲ್ಲಿ ಮುಂಚಕ್ರ ಜಾರುವ ಭಯವಿರುವವರಿಗೆ ನಿಜವಾದ ಪರಿಹಾರ. ತೂಕ ಹೆಚ್ಚು, ಸಂದಿಯಲ್ಲಿ ನುಸುಳುವುದು ಕಷ್ಟ. ವಿದ್ಯುತ್ತಿನ ಬಿಎಂಡಬ್ಲ್ಯು ಸಿಇ 04ರ ಬ್ಯಾಟರಿ 8.9 ಕಿಲೋವಾಟ್-ಗಂಟೆಯದು, ಕಂಪನಿ ಹೇಳುವ ದೂರ 130 ಕಿ.ಮೀ. ವೇಗ ಇಮ್ಮಡಿಯಾದರೆ ಗಾಳಿಯ ತಡೆ ನಾಲ್ಮಡಿಯಾಗುವುದರಿಂದ ಹೆದ್ದಾರಿಯಲ್ಲಿ ಆ ದೂರ ಸಿಗದು. ಊರೊಳಗಿನ ಓಡಾಟಕ್ಕೆ ಅದು ಸೊಗಸು, ಸಿ 650 ಜಿಟಿಯ ಜಾಗ ತುಂಬುವ ಗಾಡಿ ಅದಲ್ಲ.

ನಿರ್ವಹಣೆಯ ಖರ್ಚನ್ನು ಹೋಲಿಸುವಾಗ ಬೆಲ್ಟುಗಳನ್ನು ಎಣಿಸಿ. ಸಿವಿಟಿ ಬೆಲ್ಟನ್ನು ಸಾಮಾನ್ಯವಾಗಿ 20,000 ಕಿ.ಮೀ. ಆಸುಪಾಸಿನಲ್ಲಿ ಬದಲಿಸಬೇಕಾಗುತ್ತದೆ, ಟಿಮ್ಯಾಕ್ಸ್ ಮತ್ತು ಎಕೆ 550ರಲ್ಲಿ ಅದಲ್ಲದೆ ಹಿಂದಿನ ಚಕ್ರವನ್ನು ತಿರುಗಿಸುವ ಹಲ್ಲಿನ ಬೆಲ್ಟು ಬೇರೆ ಇದೆ. ನಿಖರವಾದ ಅಂತರ ಆಯಾ ಗಾಡಿಯ ಕೈಪಿಡಿಯಲ್ಲಿರುತ್ತದೆ, ಕೊಳ್ಳುವ ಮುಂಚೆಯೇ ಆ ಪುಟವನ್ನು ಕೇಳಿ ಓದಿ.

ಇಷ್ಟಾಗಿಯೂ ಹಳೆಯದೇ ಬೇಕು ಎನ್ನುವವರು ಇರುತ್ತಾರೆ. ಕಡಿಮೆ ಓಡಿದ 650ನ್ನೋ, ಅಂಗಡಿಯಲ್ಲೇ ಉಳಿದ ಕೊನೆಯ ಗಾಡಿಯನ್ನೋ ಹುಡುಕುವುದರಲ್ಲಿ ತಪ್ಪಿಲ್ಲ. ಬ್ರೇಕ್ ಪ್ಯಾಡ್, ಫಿಲ್ಟರ್, ಬೆಲ್ಟ್ ಬಹುಕಾಲ ಸಿಗುತ್ತವೆ. ಮೊದಲು ಕಾಣೆಯಾಗುವುದು ಹೊರಮೈಯ ಪ್ಲಾಸ್ಟಿಕ್ ಫಲಕಗಳು, ಆಮೇಲೆ ಎಲೆಕ್ಟ್ರಾನಿಕ್ ಘಟಕಗಳು. ಬರ್ಗ್‌ಮನ್ 650ರಲ್ಲಿ ಗೇರ್ ವ್ಯವಸ್ಥೆಯೇ ಎಲೆಕ್ಟ್ರಾನಿಕ್ ಆದ್ದರಿಂದ ಅದರ ದುರಸ್ತಿ ಬಲ್ಲ ಕೈ ಎಟುಕುವಷ್ಟು ದೂರದಲ್ಲಿ ಇದೆಯೇ ಎಂದು ಮೊದಲು ವಿಚಾರಿಸಿ. ಓಡದೆ ನಿಂತ ಗಾಡಿಯಾದರೆ ಟೈರಿನ ಪಕ್ಕದಲ್ಲಿ ಅಚ್ಚೊತ್ತಿರುವ ನಾಲ್ಕು ಅಂಕಿಗಳನ್ನು ನೋಡಿ: 2319 ಎಂದಿದ್ದರೆ ಅದು 2019ರ 23ನೆಯ ವಾರದಲ್ಲಿ ತಯಾರಾದದ್ದು. ಅಂತಹ ಟೈರು, ಅಷ್ಟೇ ಹಳೆಯ ಬ್ಯಾಟರಿ, ಬ್ರೇಕ್ ಎಣ್ಣೆ, ಒಣಗಿದ ಬೆಲ್ಟು, ಇಷ್ಟನ್ನೂ ಬದಲಿಸಿಕೊಡುವ ಖರ್ಚು ಮಾರುವವನ ಮೇಲೆಯೇ ಇರಲಿ. ಒಪ್ಪದಿದ್ದರೆ ಆ ಮೊತ್ತವನ್ನು ಬೆಲೆಯಲ್ಲಿ ಕಳೆಯಿಸಿ.